ಭಾವನ ಮಧುನಾಶಿನಿ ಪುಡಿ

ಅಕ್ಕನ ಗಂಡನ ವಿಷಯ ಬಂದಾಗ ಬಹುವಚನ ಬಳಸಬೇಕು. ಎದುರಿಗೆ ಹಾಗೇ ಮಾತಾಡಿಸುತ್ತಿದ್ದೆ. ಬರೆಯಲು ಕೂತರೆ ಮಾತ್ರ ಕೈ ಏಳುತ್ತಿಲ್ಲ.

ಭಾವ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ. ಮಿಲ್ಲಿನಲ್ಲಿ ಅವನ ಮಾತಿಗೆ ಯಾರೂ ಕಿವಿಗೊಡುತ್ತಿರಲಿಲ್ಲ. ಅದಕ್ಕೇ ಇರಬೇಕು, ಸಂಜೆ ಮನೆಯ ಕಟ್ಟೆಯ ಮೇಲೆ ಕೂತನೆಂದರೆ ಅವನಿಗೆ ತಿಳಿಯದ ಸಂಗತಿಯೇ ಇರುತ್ತಿರಲಿಲ್ಲ. ಸರ್ಕಾರ ಹೇಗೆ ನಡೆಯಬೇಕು, ಹೆಣ್ಣುಮಕ್ಕಳು ಎಷ್ಟು ಓದಬೇಕು, ಮಜ್ಜಿಗೆಗೆ ಎಷ್ಟು ನೀರು ಹಾಕಬೇಕು, ಎಲ್ಲಕ್ಕೂ ಅವನದೇ ತೀರ್ಪು.

ನಾನಾಗ ಬಳ್ಳಾರಿಯಲ್ಲಿ ಶಾಲೆಯ ಮಾಸ್ತರಿಣಿ. ಎಪ್ಪತ್ತರ ದಶಕದ ಒಂದು ಬೇಸಿಗೆ ಅಕ್ಕ ನನ್ನ ಮನೆಗೆ ಬಂದಳು. ಕೊಡ ನೀರು ಕುಡಿದರೂ ದಾಹ ಹೋಗುತ್ತಿರಲಿಲ್ಲ, ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ದವಾಖಾನೆಗೆ ಕರೆದೊಯ್ದೆ. ನೀಲಿ ದ್ರಾವಣಕ್ಕೆ ಅವಳ ಮೂತ್ರದ ಹನಿ ಬಿಟ್ಟು ಕಾಯಿಸಿದರು. ಅದು ನೋಡನೋಡುತ್ತಲೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆ. ಗುಳಿಗೆ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಅವಳ ಮುಖಕ್ಕೆ ಕಳೆ ಬಂತು. ಗುಳಿಗೆ ಬಿಡಬೇಡವೆಂದು ಹೇಳಿ ಸಿರುಗುಪ್ಪದ ಬಸ್ಸು ಹತ್ತಿಸಿದೆ.

ಅದೇ ಸುಮಾರಿಗೆ ಭಾವ ನಮ್ಮ ತವರು ಕುರುಗೋಡಿಗೆ ಹೋಗಿದ್ದ. ಬಸ್ಸಿನಲ್ಲಿ ಪಕ್ಕ ಕೂತವನೊಬ್ಬ ಸಕ್ಕರೆ ಕಾಯಿಲೆಗೆ ಮಧುನಾಶಿನಿ ಎಲೆಯೇ ಮದ್ದೆಂದು ಹೇಳಿದನಂತೆ. ಊರಿಗೆ ಇಳಿದವನೇ ಗುಡ್ಡದ ಬಂಡೆಗಳ ನಡುವೆ ಹಬ್ಬಿದ್ದ ಬಳ್ಳಿ ಹುಡುಕಿಸಿ ಒಂದು ಚೀಲ ಎಲೆ ಕಟ್ಟಿಕೊಂಡ. ಸಿರುಗುಪ್ಪ ಮುಟ್ಟುವಷ್ಟರಲ್ಲಿ ಆ ಬಸ್ಸಿನ ಮನುಷ್ಯ ಮಾಯವಾಗಿ, ವಿದ್ಯೆ ಭಾವನ ಮುತ್ತಾತನದಾಗಿತ್ತು.

ನಮ್ಮ ಅವ್ವ ಯಾವ ಎಲೆಯನ್ನೇ ಒಣಗಿಸಲಿ, ನೆರಳಲ್ಲಿ ತೆಳ್ಳಗೆ ಹರವಿ, ಬೆರಳಲ್ಲಿ ಹಿಡಿದರೆ ಗರಿಗರಿ ಮುರಿಯುವವರೆಗೆ ಕಾಯುತ್ತಿದ್ದಳು. ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಒಣಗಿದ ಭರಣಿಗೆ ತುಂಬಿ ಬಾಯಿ ಕಟ್ಟಿ ಕತ್ತಲ ಮೂಲೆಯಲ್ಲಿಡುತ್ತಿದ್ದಳು. ಭಾವನಿಗೆ ಅಷ್ಟು ಪುರುಸೊತ್ತೆಲ್ಲಿ? ಅರೆಬರೆ ಬಾಡಿದ ಎಲೆಯನ್ನೇ ಅಕ್ಕನ ಕೈಯಲ್ಲಿ ಕುಟ್ಟಿಸಿದ. ಅಂಗಡಿಗಳಲ್ಲಿ ಪೆಪ್ಪರಮೆಂಟು ಹಾಕಿಡುವಂಥ ಗಾಜಿನ ಜಾಡಿಯಲ್ಲಿ ತುಂಬಿ, ಬಂದವರಿಗೆ ಕಾಣಲೆಂದು ಪಡಸಾಲೆಯ ಕಿಟಕಿಯಲ್ಲಿ ಬಿಸಿಲಿಗಿಟ್ಟ.

ಮಳೆಗಾಲದಲ್ಲಿ ನಾನು ಹೋದಾಗ ಆ ಜಾಡಿಯ ಮುಂದೆ ಒಂದು ಸಭೆಯೇ ಸೇರಿತ್ತು. ಭಾವ ಪಕ್ಕದ ಮನೆಯವನ ನಾಲಗೆಯ ಮೇಲೆ ಚಿಟಿಕೆ ಪುಡಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಬೆಲ್ಲದ ಚೂರು ಕೊಟ್ಟ.

"ಹೆಂಗೈತಿ ಹೇಳಪಾ?"

"ಮಣ್ಣು ತಿಂದಂಗ ಆಗ್ತತ್ರೀ!"

"ನೋಡಿದ್ರ್ಯಾ? ನಾಲಗಿ ಮ್ಯಾಲಿನ ಸಿಹಿನ ಸತ್ತು ಹೋತು. ಇನ್ನ ರಕ್ತದಾಗಿಂದು ಎಲ್ಲಿ ಉಳೀತೈತಿ?"

ಎಲ್ಲರೂ ತಲೆದೂಗಿದರು. ನಾಲಗೆಗೂ ರಕ್ತಕ್ಕೂ ಏನು ಸಂಬಂಧವೆಂದು ಒಬ್ಬನೂ ಕೇಳಲಿಲ್ಲ. ಬೆಲ್ಲ ಮಣ್ಣಾದ ವಿಸ್ಮಯವೇ ಅವರಿಗೆ ಸಾಕಾಗಿತ್ತು.

ಅವರೆಲ್ಲ ಹೋದ ಮೇಲೆ ಜಾಡಿಯ ಹತ್ತಿರ ಹೋಗಿ ನೋಡಿದೆ. ಸಿರುಗುಪ್ಪವೆಂದರೆ ಸುತ್ತ ಕಾಲುವೆ, ನೀರು ನಿಂತ ಭತ್ತದ ಗದ್ದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪೂ ಕರಗಿ ನೀರಾಗುವ ಊರು. ಪುಡಿಯ ಹಸಿರು ಹೋಗಿ ಸೆಗಣಿಯ ಬಣ್ಣ ಬಂದಿತ್ತು. ಉಂಡೆಗಟ್ಟಿದ ಕಡೆ ಬಿಳಿ ಬೂಷ್ಟು.

"ಭಾವಾ, ಇದಕ್ಕ ಬೂಷ್ಟು ಬಂದೈತ್ರಿ."

"ಬೂಷ್ಟಲ್ಲ ಟೀಚರಮ್ಮಾ, ಅದು ಸತ್ವ. ಮ್ಯಾಲೆ ಬಂದೈತಿ. ನಿಮ್ಮ ಪುಸ್ತಕದಾಗ ಇದೆಲ್ಲಾ ಇರಂಗಿಲ್ಲ."

ಅಡಿಗೆಮನೆಯಲ್ಲಿ ಅಕ್ಕನನ್ನು ಕೇಳಿದೆ: "ಗುಳಿಗಿ ಎಲ್ಲಿ?"

"ಕಾಲವ್ಯಾಗ ಒಗದ್ರು. ಎರಡೂ ಕೂಡಿದ್ರ ಪುಡಿ ಕೆಲಸ ಮಾಡಂಗಿಲ್ಲಂತ."

ಜಗಳ ತೆಗೆದೆ. ಭಾವ ನಕ್ಕ. ನಾಲ್ಕು ಅಕ್ಷರ ಕಲಿತ ಹೆಣ್ಣುಮಕ್ಕಳಿಗೆ ದೇಶದ ವೈದ್ಯವೆಂದರೆ ತಾತ್ಸಾರ ಎಂದ. ತಾತ್ಸಾರ ನನಗಿದ್ದದ್ದು ನಿಜ, ಆದರೆ ಎಲೆಯ ಮೇಲಲ್ಲ.

ಆ ವರ್ಷವೇ ಅಕ್ಕನ ಪಾದಕ್ಕೆ ಜಾಲಿಮುಳ್ಳು ಚುಚ್ಚಿತು. ಗಾಯ ಮಾಯಲಿಲ್ಲ. ಭಾವ ಅದೇ ಬೂಷ್ಟು ಹಿಡಿದ ಪುಡಿಯನ್ನು ಗಾಯದೊಳಗೂ ತುಂಬಿ ಕಟ್ಟಿದ. ಒಂದು ಬೆಳಿಗ್ಗೆ ಅವನು ಮಿಲ್ಲಿಗೆ ಹೋದ ಮೇಲೆ ಅಕ್ಕ ಬಾಗಿಲಿಗೆ ಬೀಗ ಹಾಕಿ, ಹಳೆ ಸೀರೆಯ ಚೂರು ಸುತ್ತಿದ ಕಾಲನ್ನು ಎಳೆದುಕೊಂಡು ಒಬ್ಬಳೇ ಬಳ್ಳಾರಿಯ ಬಸ್ಸು ಹತ್ತಿದಳು. ಹುಟ್ಟಿದಾಗಿನಿಂದ ಅವಳು ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ನಾನು ಬಾಗಿಲು ತೆಗೆದಾಗ ಅವಳಿಗಿಂತ ಮೊದಲು ಆ ಕಾಲಿನ ವಾಸನೆ ಒಳಗೆ ಬಂತು.

ದವಾಖಾನೆಯಲ್ಲಿ ಎರಡು ಬೆರಳು ತೆಗೆದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು.

ಭಾವ ಬಂದ. ಕೈಯಲ್ಲಿ ಹಣ್ಣಲ್ಲ, ಅದೇ ಜಾಡಿ. ಹೆಂಡತಿಯ ಮಂಚದ ಪಕ್ಕದಲ್ಲೇ ನಿಂತು ವಾರ್ಡಿನ ಜನಕ್ಕೆ ನಾಲಗೆ ಚಾಚಲು ಹೇಳಿ ಬೆಲ್ಲದ ಆಟ ಶುರು ಮಾಡಿದ. ರೋಗಿಗಳ ಕಡೆಯವರು ಮುಗಿಬಿದ್ದರು. ಬಿಳಿ ಕೋಟಿನ ಎಳೆಯ ಡಾಕ್ಟರನೊಬ್ಬನೂ ನಗುತ್ತಾ ಬಂದು ನಾಲಗೆ ಚಾಚಿದ. "ಭಾಳ ಚಲೋ ಐತ್ರಿ ಇದು" ಎಂದು ಬೆರಗಾದ. ಭಾವನಿಗೆ ಅಂದು ಸಿಕ್ಕಷ್ಟು ಮರ್ಯಾದೆ ಮಿಲ್ಲಿನಲ್ಲಿ ಎಂದೂ ಸಿಕ್ಕಿರಲಾರದು. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಆಮೇಲೆ ಅವಳು ಕೆಲವು ತಿಂಗಳು ನನ್ನ ಜೊತೆಗಿದ್ದಳು. ಬಳ್ಳಾರಿಯ ಬಿಸಿಲಿಗೆ ಇನ್ಸುಲಿನ್ ಕೆಡದಂತೆ ಒದ್ದೆ ಮರಳು ತುಂಬಿದ ಮಡಕೆಯೊಳಗೆ ಸೀಸೆ ಇಡುತ್ತಿದ್ದೆವು. ಗಾಜಿನ ಸಿರಿಂಜನ್ನು ಕುದಿಸುವುದು, ತನ್ನ ತೊಡೆಗೆ ತಾನೇ ಚುಚ್ಚಿಕೊಳ್ಳುವುದು, ಎಲ್ಲ ಕಲಿತಳು. ಭಾವ ಕರೆಯಲು ಬಂದದ್ದು ಮನೆಯಲ್ಲಿ ರೊಟ್ಟಿ ಬಡಿಯುವವರಿಲ್ಲ ಎಂದು. ಅಕ್ಕ ನನ್ನೆದುರೇ ಹೇಳಿದಳು:

"ಸೂಜಿ ಬಿಡು ಅಂದ ದಿನ ತಿರುಗಿ ಇಲ್ಲಿಗೇ ಬರ್ತೀನಿ ನೋಡ್ರಿ."

ಅವನು ತಲೆಯಾಡಿಸಿದ. ಅವಳು ಹೋದಳು. ಹೋಗಬಾರದಿತ್ತು ಎಂಬುದು ನನ್ನ ಅಭಿಪ್ರಾಯ; ನನ್ನನ್ನು ಯಾರೂ ಕೇಳಲಿಲ್ಲ.

ಎಂಬತ್ತರ ದಶಕದಲ್ಲಿ ಭಾವನಿಗೇ ಸಕ್ಕರೆ ಕಾಯಿಲೆ ಬಂತು. ಒಂದು ದಿನವೂ ಪುಡಿ ಮುಟ್ಟದೆ ನೇರ ಬಳ್ಳಾರಿಗೆ ಬಂದು, ದವಾಖಾನೆಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತ.

"ಮಧುನಾಶಿನಿ ಏನಾತ್ರಿ ಭಾವಾ?" ಎಂದೆ.

"ಅದು ಹೆಣ್ಮಕ್ಕಳ ಮೈಗೆ ಹೊಂದ್ತತಿ. ಗಂಡಸರ ಮೈ ಉಷ್ಣ ನೋಡು."

ಆ ಮುಖದಲ್ಲಿ ನಾಚಿಕೆಯ ಗೆರೆಯೂ ಇರಲಿಲ್ಲ. ಅಲ್ಲಿಯವರೆಗೆ ಅವನು ಮೂಢನೆಂದು ತಿಳಿದಿದ್ದೆ. ಮೂಢನಾಗಿದ್ದರೆ ತಾನೂ ಪುಡಿ ತಿನ್ನುತ್ತಿದ್ದ.

ಮುಂದಿನ ಸಲ ಸಿರುಗುಪ್ಪಕ್ಕೆ ಹೋದಾಗ ಅವನಿಗೆ ಸೂಜಿ ಚುಚ್ಚುತ್ತಿದ್ದವಳು ಅಕ್ಕ. ಅವನು ಕಣ್ಣು ಮುಚ್ಚಿ, ಸೂಜಿ ತಾಗುವ ಮೊದಲೇ ಚೀರುತ್ತಿದ್ದ. ಚುಚ್ಚಿಸಿಕೊಂಡು, ತೋಳು ಉಜ್ಜುತ್ತಾ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಅಲ್ಲಿ ಒಬ್ಬ ಹೆಂಗಸು ಕಾಯುತ್ತಿದ್ದಳು. ಅವಳ ಅತ್ತೆಗೆ ಸಕ್ಕರೆ ಕಾಯಿಲೆಯಂತೆ. ಭಾವ ಗಂಟಲು ಸರಿಮಾಡಿಕೊಂಡು ಪುಡಿಯ ಪಥ್ಯ ಹೇಳತೊಡಗಿದ.

ಅಕ್ಕ ಸಿರಿಂಜು ತೊಳೆಯುವುದನ್ನು ಬಿಟ್ಟು ಕುಂಟುತ್ತಾ ಬಾಗಿಲಿಗೆ ಬಂದಳು.

"ಯವ್ವಾ, ನಿಮ್ಮತ್ತೀನ ಬಳ್ಳಾರಿ ದವಾಖಾನಿಗೆ ಕರಕೊಂಡು ಹೋಗು," ಎಂದಳು. "ಇವರೂ ಅಲ್ಲಿಗೇ ಹೋಗ್ತಾರ."

ಹೆಂಗಸು ಭಾವನ ಮುಖ ನೋಡಿದಳು. ಭಾವ ಎದ್ದು, ಚಪ್ಪಲಿ ಮೆಟ್ಟಿ, ಮಿಲ್ಲಿನ ಕಡೆ ನಡೆದ.