ಅಂಚಿಗೆ ಸರಿಸಿದ ಫೋಟೋ

ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲಿ ಈಗ ನನ್ನದೇ ಒಂದು ಡಿಸೈನ್ ಅಂಗಡಿ ಇದೆ. ಹುಟ್ಟುಹಬ್ಬವೋ, ಗೃಹಪ್ರವೇಶವೋ, ಶ್ರದ್ಧಾಂಜಲಿಯೋ, ಗಿರಾಕಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ‘ಅಣ್ಣನ ಮುಖ ಇನ್ನೊಂಚೂರು ದೊಡ್ಡದು ಮಾಡು’ ಅನ್ನುತ್ತಾನೆ. ನಾನೂ ಮಾಡುತ್ತೇನೆ, ಹೊಟ್ಟೆಪಾಡು. ಆದರೆ ಕಾಲೇಜಿನ ಹುಡುಗರು ಪೋಸ್ಟರ್ ಮಾಡಿಸಲು ಬಂದರೆ ಮಾತ್ರ ನನಗೆ ಸಿಡುಕು ಬರುತ್ತದೆ. ‘ಕಾರ್ಯಕ್ರಮ ಯಾರದ್ರಪ್ಪ?’ ಎಂದು ಕೇಳಿದರೆ ಅವರು ಪ್ರಿನ್ಸಿಪಾಲರಿಂದ ಶುರು ಮಾಡುತ್ತಾರೆ. ‘ಅವರನ್ನ ಆಮೇಲೆ ನೋಡೋಣ, ಕಾರ್ಯಕ್ರಮ ಯಾರದ್ದು, ಅದನ್ನ ಮೊದಲು ಹೇಳು’ ಎಂದು ರೇಗುತ್ತೇನೆ. ಹುಡುಗರು ಪಾಪ, ಮುಖ ಮುಖ ನೋಡಿಕೊಳ್ಳುತ್ತಾರೆ. ಸಿಟ್ಟು ಅವರ ಮೇಲಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ನಾನು ಡಿಗ್ರಿ ಓದಿದ್ದು ಹಿಂದೂಪುರದಲ್ಲಿ. ಮೊದಲ ವರ್ಷ ಫ್ರೆಶರ್ಸ್ ಡೇಗೆ ಫೋನಿನಲ್ಲೇ ಒಂದು ಪೋಸ್ಟರ್ ಮಾಡಿ ಗ್ರೂಪಿಗೆ ಹಾಕಿದ್ದೆ, ಅಷ್ಟೇ. ಅಲ್ಲಿಂದಾಚೆಗೆ ರಕ್ತದಾನ ಶಿಬಿರ, ರಂಗೋಲಿ ಸ್ಪರ್ಧೆ, ಕಬಡ್ಡಿ, ಸೈನ್ಸ್ ಎಕ್ಸಿಬಿಷನ್, ಎಲ್ಲದಕ್ಕೂ ನನ್ನನ್ನೇ ಕರೆಯುತ್ತಿದ್ದರು. ‘ಪೋಸ್ಟರ್ ಕೆಲಸ ಇದೆ ಸಾರ್’ ಎಂದರೆ ಸಾಕು, ಪಾಠದ ನಡುವೆ ಎದ್ದು ಹೋದರೂ ಯಾವ ಮೇಷ್ಟ್ರೂ ತಡೆಯುತ್ತಿರಲಿಲ್ಲ. ಆಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಾನು ಮಾಡಿದ ಫ್ಲೆಕ್ಸನ್ನು ಗೇಟಿನ ಪಕ್ಕ ಕಟ್ಟಿ ನಿಲ್ಲಿಸುತ್ತಿದ್ದವರು ನಮ್ಮ ಕಾಲೇಜಿನ ಅಟೆಂಡರ್. ಬ್ರಹ್ಮಸಮುದ್ರದ ಕಡೆಯ ಹಳ್ಳಿಯವರು, ಮೂವತ್ತು ವರ್ಷದಿಂದ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದರು. ನಾನು ಕಲ್ಯಾಣದುರ್ಗದವನು ಎಂದು ಗೊತ್ತಾದ ದಿನವೇ ತೆಲುಗು ಬಿಟ್ಟು ಕನ್ನಡಕ್ಕೆ ಇಳಿದರು. ಅವರು ನನಗೆ ಮಾಮ, ನಾನು ಅವರಿಗೆ ಅಳಿಯ. ‘ಮಗಳ್ನ ಆಗ್ಲೇ ಕೊಟ್ಬುಟ್ಟೆ ಕಣ್ಲಾ, ಇಲ್ದಿದ್ರೆ ನಿನ್ನ ಬಿಡ್ತಾ ಇರ್ನಿಲ್ಲ’ ಎಂದು ಹುಡುಗಿಯರ ಎದುರಿಗೇ ಕೂಗಿ ನನ್ನ ಮಾನ ಕಳೆಯುತ್ತಿದ್ದರು.

ಕಾಲೇಜಿಗೆ ಇದ್ದದ್ದು ಒಂದೇ ಮರದ ಫ್ರೇಮು. ಹಳೆಯ ಫ್ಲೆಕ್ಸ್ ಕಿತ್ತು ಹೊಸದನ್ನೂ ಅದಕ್ಕೇ ಹೊಡೆಯಬೇಕು. ನನ್ನ ಮೊದಲ ಫ್ಲೆಕ್ಸಿನಲ್ಲಿ ಕೆಳಗಿನ ಸಾಲು ಪೂರ್ತಿ ಫ್ರೇಮಿನ ಹಿಂದಕ್ಕೆ ಹೋಗಿ, ಕಾರ್ಯಕ್ರಮ ಎಷ್ಟು ಗಂಟೆಗೆ ಎಂಬುದೇ ಯಾರಿಗೂ ತಿಳಿಯದೆ ಉಗಿಸಿಕೊಂಡಿದ್ದೆ. ಆಗ ಪಾಠ ಹೇಳಿದವರು ಮಾಮ. ‘ನೋಡ್ಲಾ ಅಳಿಯ, ಮ್ಯಾಲೆ ಒಂದು ಗೇಣು, ಕೆಳಗೆ ಒಂದು ಗೇಣು ಬರೀ ಬಣ್ಣ ಬಿಟ್ಬುಡು. ಅದು ಹಿಂದಕ್ಕೆ ಮಡ್ಚಿ ಮೊಳೆ ಹೊಡಿಯಾಕೆ. ಅಲ್ಲಿ ಏನೂ ಇಡ್ಬ್ಯಾಡ.’ ಆಮೇಲೆ ಎರಡು ವರ್ಷ ನಾನು ಆ ಗೇಣನ್ನು ಮುಟ್ಟಲಿಲ್ಲ.

ಮೂರನೇ ವರ್ಷ ಮಾಮ ರಿಟೈರ್ ಆಗುವವರಿದ್ದರು. ಅವರಿಗೊಂದು ಸನ್ಮಾನ ಮಾಡಬೇಕೆಂದು ನಾವು ಹುಡುಗರೇ ಹೊರಟೆವು, ಪ್ರಿನ್ಸಿಪಾಲರೂ ಒಪ್ಪಿದರು. ಸುದ್ದಿ ತಿಳಿದ ಮಾಮ ನನ್ನನ್ನು ಸ್ಟಾಫ್ ರೂಮಿನ ಹಿಂದಕ್ಕೆ ಕರೆದುಕೊಂಡು ಹೋದರು. ಯಾವಾಗಲೂ ಗಟ್ಟಿಯಾಗಿ ಮಾತಾಡುವ ಮನುಷ್ಯ ಅವತ್ತು ಸಣ್ಣ ದನಿಯಲ್ಲಿ, ‘ಅಳಿಯ, ಫ್ಲೆಕ್ಸ್‌ನಾಗೆ ನನ್ನ ಫೋಟೋನೂ ಬತ್ತೈತಾ?’ ಎಂದು ಕೇಳಿದರು.

‘ನಿಮ್ಮದೇ ಮಾಮ, ನಡೂಮಧ್ಯ’ ಎಂದೆ.

‘ಸತ್ಮೇಲೆ ಹೆಂಗೂ ಹಾಕ್ತಾರೆ. ಬದುಕಿದ್ದಾಗ ಒಂದ್ಸಲ ನೋಡ್ಕಬೇಕು ಅಂತ ಆಸೆ ಕಣಪ್ಪ. ಎಷ್ಟು ಜನದ ಮುಖ ಕಟ್ಟಿದೀನಿ ನಾನು! ನಮ್ಮಕ್ಕಂಗೂ ಮಗಳಿಗೂ ಬರಾಕೆ ಹೇಳ್ತೀನಿ. ಅಕ್ಕ ನಾನಿರೋ ಕಾಲೇಜು ಒಂದು ದಿನಾನೂ ನೋಡಿಲ್ಲ.’ ಮಾರನೇ ದಿನ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದರು. ಫೋಟೋದಲ್ಲಿ ನಗಲು ಹೋಗಿ ಬಿಗಿದುಕೊಂಡಿದ್ದರು.

ನಾನು ಮಾತಿನಂತೆಯೇ ಮಾಡಿದೆ. ನಡುವೆ ಮಾಮ, ಸುತ್ತ ಹಳದಿ ಬಣ್ಣ, ಕೆಳಗೆ ದೊಡ್ಡಕ್ಷರದಲ್ಲಿ ಅವರ ಹೆಸರು. ಚೆನ್ನಾಗಿತ್ತು ಅದು, ಇವತ್ತಿಗೂ ಹೇಳುತ್ತೇನೆ. ಅಷ್ಟರಲ್ಲಿ ಪ್ರಿನ್ಸಿಪಾಲರು ಹೇಗೂ ವಾರ್ಷಿಕೋತ್ಸವ ಬಾಕಿ ಇದೆ, ಎರಡನ್ನೂ ಒಂದೇ ದಿನ ಮಾಡಿಬಿಡೋಣ ಎಂದರು. ವಾರ್ಷಿಕೋತ್ಸವ ಅಂದಮೇಲೆ ಮುಖ್ಯ ಅತಿಥಿ ಬೇಕು, ಅತಿಥಿಯ ಫೋಟೋ ಬೇಕು, ಅವರ ಪಕ್ಕದಲ್ಲಿ ಆಡಳಿತ ಮಂಡಳಿಯವರು, ಪ್ರಿನ್ಸಿಪಾಲರು. ಮಾಮ ನಡುವಿನಿಂದ ಬಲಕ್ಕೆ ಹೋದರು. ಫ್ಲೆಕ್ಸಿನ ಖರ್ಚು ಹಾಕುತ್ತಿದ್ದ ವಿದ್ಯಾರ್ಥಿ ಮುಖಂಡರ ಐದು ಮುಖ ಬಂದವು. ಮಾಮ ಬಲಗಡೆ ಕೆಳಕ್ಕೆ ಹೋದರು, ಸಣ್ಣಗಾದರು.

ಪ್ರಿಂಟಿಗೆ ಕೊಡುವ ಬೆಳಿಗ್ಗೆ ಆ ಮುಖಂಡರಲ್ಲೊಬ್ಬ ಇನ್ನೊಂದು ಫೋಟೋ ತಂದ. ಅವನಿಗೆ ಬೇಕಾದ ಯಾರೋ ದೊಡ್ಡ ಮನುಷ್ಯರದ್ದು. ‘ಆಯನ ಫೋಟೋ ಲೇಕುಂಟೆ ಫ್ಲೆಕ್ಸೇ ವದ್ದು’ ಎಂದ, ಅದಿಲ್ಲದಿದ್ದರೆ ಫ್ಲೆಕ್ಸೇ ಬೇಡವಂತೆ. ಜಾಗವಿಲ್ಲ ಎಂದು ಹೇಳಲು ನನಗೆ ಬಾಯಿ ಇರಲಿಲ್ಲವೇ? ಇತ್ತು. ಅವನೂ ನನ್ನನ್ನು ಗೌರವದಿಂದ ‘ಡಿಸೈನರ್ ಗಾರು’ ಅನ್ನುತ್ತಿದ್ದ, ಅದರ ರುಚಿ ಹತ್ತಿತ್ತು ನನಗೆ. ಮಾಮನ ಫೋಟೋವನ್ನು ಬೆರಳಲ್ಲಿ ಹಿಡಿದು ಕೆಳಗಿನ ಖಾಲಿ ಗೇಣಿಗೆ ಎಳೆದು ಬಿಟ್ಟೆ. ಮಡಚುವ ಜಾಗ ಅದು ಎಂದು ನೆನಪಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನೆನಪಿತ್ತು. ಕಟ್ಟುವವರು ಮಾಮನೇ ತಾನೆ, ಹೇಗೋ ಸರಿ ಮಾಡಿಕೊಳ್ಳುತ್ತಾರೆ ಅಂದುಕೊಂಡೆ.

ಮಧ್ಯಾಹ್ನ ಫ್ಲೆಕ್ಸ್ ಬಂತು. ಮಾಮ ಅದನ್ನು ವರಾಂಡದಲ್ಲಿ ಹಾಸಿ, ಚಪ್ಪಲಿ ಬಿಟ್ಟು ಸುತ್ತ ಒಂದು ಸಲ ನಡೆದು ನೋಡಿದರು. ತಮ್ಮ ಮುಖ ಸಿಕ್ಕಿತು, ಕೆಳಗಿನ ಮೂಲೆಯಲ್ಲಿ. ಫ್ರೇಮನ್ನು ಮೇಲಿಟ್ಟಾಗ ಆ ಮುಖ ಫ್ರೇಮಿನಿಂದ ಆಚೆಗೇ ಉಳಿಯಿತು. ಅವರು ಫ್ರೇಮನ್ನು ಒಂದಿಷ್ಟು ಕೆಳಕ್ಕೆ ಎಳೆದು, ಮತ್ತೆ ಮೇಲಕ್ಕೆ ತಳ್ಳಿ, ನನ್ನ ಕಡೆ ನೋಡಿದರು.

‘ಅಳಿಯ, ಮ್ಯಾಗಡೆಯಿಂದ ಎರಡು ಗೇಣು ಮಡಚಾಣೇನ್ಲಾ? ಕೆಳಗೆ ಉಳ್ಕಂತೈತೆ.’

ಮೇಲಿನ ಸಾಲಿನಲ್ಲಿ ಮುಖ್ಯ ಅತಿಥಿ, ಆಡಳಿತ ಮಂಡಳಿ, ಪ್ರಿನ್ಸಿಪಾಲರು ಇದ್ದರು. ಇನ್ನೊಂದು ಗೇಣು ಮಡಚಿದರೆ ಅವರ ಹಣೆ ಹಿಂದಕ್ಕೆ ಹೋಗುತ್ತಿತ್ತು. ‘ಬೇಡ ಮಾಮ, ದೊಡ್ಡೋರ ತಲೆ ಹೋದ್ರೆ ಗಲಾಟೆ ಆಗುತ್ತೆ’ ಎಂದೆ.

‘ಅದೂ ನಿಜ ಬಿಡು’ ಎಂದರು. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೂತರು. ಕೆಳಗಿನ ಗೇಣನ್ನು ತಾವೇ ಎಳೆದು, ತಮ್ಮ ಮುಖವನ್ನು ತಾವೇ ಹಿಂದಕ್ಕೆ ಮಡಚಿದರು. ಮುಖದ ಮೇಲೆ ಮೊಳೆ ಬೀಳದ ಹಾಗೆ ಅತ್ತ ಒಂದು, ಇತ್ತ ಒಂದು ಹೊಡೆದರು. ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ ಕಾಲೇಜಿನಿಂದ ನಡೆದರೆ ಹತ್ತು ನಿಮಿಷ. ಒಂದು ಸಣ್ಣ ಫ್ಲೆಕ್ಸ್, ಬರೀ ಅವರದ್ದೇ, ಸಂಜೆಯೊಳಗೆ ಮಾಡಿಸಿ ತರಬಹುದಿತ್ತು. ನಾನು ಸ್ಟೇಜಿನ ಬ್ಯಾನರ್ ನೋಡಲು ಹೋದೆ. ಹಾಳಾದವನು, ಬ್ಯಾನರ್ ನೋಡಲು ಹೋದೆ.

ಮಾರನೇ ಬೆಳಿಗ್ಗೆ ಮಾಮನ ಅಕ್ಕ, ಮಗಳು, ಮಗಳ ಕಂಕುಳಲ್ಲಿ ಒಂದು ಕೂಸು ಬಸ್ಸಿಳಿದು ಬಂದರು. ಅಕ್ಕನಿಗೆ ಎಪ್ಪತ್ತರ ಮೇಲೆ ವಯಸ್ಸು, ಓದು ಬಾರದು. ಗೇಟಿನ ಹತ್ತಿರ ಫ್ಲೆಕ್ಸಿನ ಮುಂದೆ ನಿಂತು, ಸೆರಗಲ್ಲಿ ಕಣ್ಣೊರೆಸಿಕೊಂಡು, ಒಂದೊಂದೇ ಮುಖದ ಮೇಲೆ ಬೆರಳಿಟ್ಟು ಹುಡುಕುತ್ತಿದ್ದರು. ನಾನು ಸೈಕಲ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತಿದ್ದೆ. ಬಿಳಿ ಅಂಗಿಯ ಮಾಮ ಬಂದು ಅಕ್ಕನ ಕೈ ಹಿಡಿದು, ‘ಅಲ್ಲಲ್ಲಕ್ಕಾ, ಈ ಕಡೆ ಬಾ’ ಎಂದು ಫ್ಲೆಕ್ಸಿಗೂ ಕಾಂಪೌಂಡಿಗೂ ನಡುವಿನ ಸಂದಿಗೆ ಕರೆದುಕೊಂಡು ಹೋದರು. ಮಡಚಿದ ಅಂಚು ಹಿಂದಿನಿಂದ ಕಾಣುತ್ತಿತ್ತು. ಮುಖ ತಲೆಕೆಳಗಾಗಿತ್ತು. ಅಕ್ಕ ನೆಲಕ್ಕೆ ಕೂತು, ಕತ್ತು ವಾಲಿಸಿ ನೋಡಿದರು.

ಮಾಮ ತಲೆಯೆತ್ತಿದಾಗ ನಾನು ಕಣ್ಣಿಗೆ ಬಿದ್ದೆ. ‘ಅಳಿಯ, ಬಾರ್ಲಾ ಇಲ್ಲಿ! ಅಕ್ಕಾ, ಇವ್ನೇ ಕಣೆ ನನ್ನ ಫೋಟೋ ಹಾಕ್ದೋನು. ನಮ್ ಕಲ್ಯಾಣದುರ್ಗದ ಹುಡ್ಗ. ಒಂದು ಫೋಟೋ ತೆಗ್ಯಪ್ಪ ನಮ್ದು.’

ಆ ಸಂದಿಯಲ್ಲಿ ನಾಲ್ವರೂ ಒತ್ತಿಕೊಂಡು ಕೂತರು. ನಾನು ಫೋನ್ ಹಿಡಿದೆ. ಅಕ್ಕ ನನ್ನನ್ನು ನೋಡಿ, ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟರು: ‘ಎಲ್ರುದೂ ಮುಂದ್ಗಡೆ ಐತಲ್ಲ ಮಗ, ನಮ್ಮೋನ್ದು ಯಾಕೆ ಹಿಂದೆ ಹಾಕ್ದೆ?’

ನಾನು ಬಾಯಿ ತೆರೆಯುವ ಮೊದಲೇ ಮಾಮ ಅಂದರು: ‘ಮುಂದೆ ಬಿಸ್ಲು ಕಣಕ್ಕ. ನಾಕು ದಿನಕ್ಕೆ ಬಣ್ಣ ಹೊಂಟೋಯ್ತೈತೆ. ನಂದು ಉಳೀಲಿ ಅಂತ ಹುಡ್ಗ ಇಲ್ಲಿ ಹಾಕವ್ನೆ. ಅಲ್ವೇನ್ಲಾ?’

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

‘ಹೌದಮ್ಮ’ ಎಂದೆ. ಆ ತಾಯಿ ಎದ್ದು ಬಂದು ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಕೆ ಮುರಿದು, ‘ನೀನು ಚೆನ್ನಾಗಿರಪ್ಪ’ ಎಂದರು.