ಪರದೇಶಕ್ಕೆ ಹೋಗುವ ಮುನ್ನ ಮಸರಕಲ್‌ಗೆ

ಬುಧವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ರಾಯಚೂರಿನಿಂದ ಮಾನ್ವಿಗೆ ಹೊರಟೆ. ಬಟ್ಟೆಯ ಚೀಲದಲ್ಲಿ ಒಂದು ಸೀರೆ, ನಾಲ್ಕು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ಪರದೇಶ ಸೇವೆಯ ಸಮಿತಿಯವರು ಕೊಟ್ಟಿದ್ದ ನಾಲ್ಕು ಪುಟದ ಅರ್ಜಿ ಇದ್ದವು. ಶನಿವಾರ ಮಧ್ಯಾಹ್ನದೊಳಗೆ ಆ ಅರ್ಜಿಯನ್ನು ತುಂಬಿ ರಾಯಚೂರಿನಲ್ಲಿ ಕಾರ್ಯದರ್ಶಿಗಳ ಕೈಗೆ ಕೊಡಬೇಕಿತ್ತು.

ಪರದೇಶದ ಸೇವೆಗೆ ಹೇಗೆ ತಯಾರಿ ಮಾಡಿಕೊಂಡಿರಿ ಎಂದು ಬರೆದು ಕೊಡಿ ಎಂದು ನಮ್ಮ ಸಭೆಯ ಮಾಸಪತ್ರಿಕೆಯವರು ಕೇಳಿದ್ದಾರೆ. ನಾನು ರಾಯಚೂರಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಪೂರ್ವ ಆಫ್ರಿಕಾದ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ಎರಡು ತಿಂಗಳು ಬಾಣಂತಿಯರ ಆರೈಕೆ ಮಾಡುವುದು, ಸಂಜೆ ಅಲ್ಲಿನ ಸಭೆಯಲ್ಲಿ ಸಾಕ್ಷಿ ಹೇಳುವುದು ನನಗೆ ಒಪ್ಪಿಸಿದ ಕೆಲಸ. ಪಾಸ್‌ಪೋರ್ಟು ಬಂದಿತ್ತು. ಶಾಲೆಯ ಮಾಸ್ತರರು ನಮ್ಮೂರ ಮಕ್ಕಳಿಗೆಲ್ಲ ಬರೆದಂತೆ ನನಗೂ ಹುಟ್ಟಿದ ದಿನ ಜೂನ್ ಒಂದು ಎಂದು ಬರೆದಿದ್ದರು, ಪಾಸ್‌ಪೋರ್ಟಿನಲ್ಲೂ ಅದೇ ಬಂತು. ಬೊಂಬಾಯಿಗೆ ಹೋಗಿ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಬಂದಿದ್ದೆ. ನಾಲ್ಕು ಬಿಳಿ ಸೀರೆ ಇಸ್ತ್ರಿಯಾಗಿದ್ದವು. ಅಲ್ಲಿನ ಭಾಷೆಯ ಇಪ್ಪತ್ತು ಮಾತು ಕಲಿತಿದ್ದೆ. ಅದರಲ್ಲಿ ಮೊದಲನೆಯದು ‘ಉಸಿರು ಬಿಗಿಹಿಡಿಯಬೇಡ’. ಉಳಿದದ್ದು ಅರ್ಜಿಯ ಒಂದೇ ಸಾಲು: ದೀಕ್ಷಾಸ್ನಾನ ಹೊಂದಿದ ದಿನ ಮತ್ತು ಸ್ಥಳ, ಸಭೆಯ ಪುಸ್ತಕದ ನಕಲು ಸಹಿತ. ಇಷ್ಟು ವರ್ಷ ಇದನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ಮಾನ್ವಿಯಲ್ಲಿ ಆಗಿದೆ ಎಂದು ಅವ್ವ ಹೇಳಿದ್ದಷ್ಟೇ ನನಗೆ ಗೊತ್ತಿತ್ತು.

ಕಂಡಕ್ಟರ್ ಗುರುತು ಹಿಡಿದ. ಅವನ ಹೆಂಡತಿಗೆ ನಮ್ಮ ವಾರ್ಡಿನಲ್ಲಿಯೇ ಹೆರಿಗೆಯಾಗಿತ್ತು.

“ಸಿಸ್ಟರಮ್ಮಾರ, ಮಾನ್ವಿಗಿ ಯಾರ ಹೆರಿಗಿ ಮಾಡಸಾಕ ಹೊಂಟೀರಿ?”

“ಯಾರದೂ ಅಲ್ಲಪ್ಪ. ನಂದೇ ಒಂದು ಕಾಗದ ತರಬೇಕಾಗ್ಯದ. ಸಣ್ಣಾಕಿದ್ದಾಗಿಂದು.”

“ಅಂದರ ನೀವು ಈಗ ಹುಟ್ಟಾಕತ್ತೀರಿ ಅನ್ರಿ!” ಎಂದು ಟಿಕೆಟ್ ಹರಿದು ಕೊಟ್ಟ. ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕೆ.

ಕಲ್ಮಲ ದಾಟಿದ ಮೇಲೆ ಎರಡೂ ಕಡೆ ಕರಿ ನೆಲ, ಹತ್ತಿ ಬಿಡಿಸಿ ಒಣಗಿ ನಿಂತ ಕಡ್ಡಿ. ಬಿಸಿಲು ಆಗಲೇ ಕಿಟಕಿಯ ಕಬ್ಬಿಣವನ್ನು ಮುಟ್ಟದಂತೆ ಮಾಡಿತ್ತು. ಮಾನ್ವಿಯಲ್ಲಿ ಇಳಿದಾಗ ಒಂಬತ್ತೂವರೆ.

ಅಲ್ಲಿನ ಪಾಸ್ಟರು ಚಿಕ್ಕ ವಯಸ್ಸಿನವರು. ಆ ಸಭೆಗೆ ಬಂದು ಎರಡು ವರ್ಷವಾಗಿತ್ತಂತೆ. ಹಳೆಯ ಪುಸ್ತಕಗಳು ತಗಡಿನ ಪೆಟ್ಟಿಗೆಯಲ್ಲಿ ಒಣಗಿದ ಬೇವಿನ ಎಲೆಯ ನಡುವೆ ಇದ್ದವು. ಮೂರನೆಯ ಪುಸ್ತಕದಲ್ಲಿ ಅವರ ಬೆರಳು ನಿಂತಿತು. “ಸಿಕ್ತು ನೋಡ್ರಿ ಸಿಸ್ಟರ್. ಮಾರ್ತಾ. ತಂದಿ ಮಿಶನ್ ಕಾಂಪೌಂಡಿನ ಮಾಲಿ. ತಾಯಿ ಶಾಂತಮ್ಮ. ಎಲ್ಲಾ ಬರೋಬ್ಬರಿ ಅದ.” ನಾನು ಬಗ್ಗಿ ನೋಡಿದೆ. ಅಪ್ಪನ ಹೆಸರು, ಅವ್ವನ ಹೆಸರು, ನನ್ನ ಹೆಸರು. ಆಮೇಲೆ ಅಂಚಿನಲ್ಲಿ ಬೇರೆ ಶಾಯಿಯ ಒಂದು ಸಾಲು ಕಂಡಿತು: ‘ಮಗು ತೀರಿಕೊಂಡಿತು.’ ಕೆಳಗೆ ತಾರೀಖು. ದೀಕ್ಷಾಸ್ನಾನದ ದಿನದಿಂದ ಎಂಟನೆಯ ದಿನದ್ದು.

ಪಾಸ್ಟರೂ ಅದನ್ನು ಓದಿದರು. ಅವರು ಮುಂದಿನ ಐದು ವರ್ಷದ ಪುಟಗಳನ್ನು ಒಂದೊಂದಾಗಿ ತಿರುವಿದರು. ಮತ್ತೊಬ್ಬ ಮಾರ್ತಾ ಇರಲಿಲ್ಲ. ಹೊರಗೆ ಯಾರೋ ಕೊಡ ಇಟ್ಟ ಸದ್ದಾಯಿತು.

“ನಕಲಿನಾಗ ಅಂಚಿನ ಬರಹ ಬರಿಯೋ ರೂಢಿ ಇಲ್ಲರಿ,” ಎಂದರು ಪಾಸ್ಟರು, ನನ್ನ ಮುಖ ನೋಡದೆ. “ಹೆಸರು ಅದೇ, ತಂದಿ ತಾಯಿ ಅವರೇ. ನಾ ಬರದು ಕೊಡ್ತೀನಿ. ಒಯ್ಯೋದು, ಬಿಡೋದು ನಿಮ್ಮ ಮನಸ್ಸಿಗಿ ಬಿಟ್ಟದ್ದು.” ಬರೆದು, ಮೊಹರು ಒತ್ತಿ, ಶಾಯಿ ಆರುವವರೆಗೆ ಊದಿ ಕೊಟ್ಟರು. ಆ ದಿನ ಅವರ ಮನೆಯಲ್ಲಿಯೇ ಉಳಿದೆ. ಜೋಳದ ಅನ್ನ, ಪುಂಡಿಪಲ್ಯ ಬಡಿಸಿದರು. ಏನು ತಿಂದೆನೆಂಬುದು ನೆನಪಿದೆ, ರುಚಿ ನೆನಪಿಲ್ಲ.

ಗುರುವಾರ ಸಿರವಾರದ ಮೇಲೆ ದೇವದುರ್ಗಕ್ಕೆ ಹೋದೆ. ಅಲ್ಲಿಂದ ಅವ್ವ ಇರುವ ಮಸರಕಲ್‌ಗೆ ಇನ್ನೊಂದು ಬಸ್ಸು. ದೇವದುರ್ಗದ ನಿಲ್ದಾಣದಲ್ಲಿ ಒಂದೂಕಾಲು ಗಂಟೆ ಕಾದೆ. ಮಂಡಾಳ ಒಗ್ಗರಣಿ, ಎರಡು ಮಿರ್ಚಿ ತೆಗೆದುಕೊಂಡೆ. ಒಂದು ತಿಂದೆ. ನಕಲನ್ನು ಮೂರು ಸಲ ತೆಗೆದು ಓದಿದೆ. ಅದರಲ್ಲಿ ಸುಳ್ಳು ಎನ್ನುವಂಥ ಒಂದು ಅಕ್ಷರವೂ ಇರಲಿಲ್ಲ. ಅದು ನನ್ನದಲ್ಲ, ಅಷ್ಟೇ. ದೀಕ್ಷಾಸ್ನಾನವಾಗದ ನಾನು ಹದಿನಾರನೆಯ ವಯಸ್ಸಿನಿಂದ, ಅದು ಆದವರಿಗಷ್ಟೇ ಕೊಡುವ ಪ್ರಭುಭೋಜನದ ರೊಟ್ಟಿಗೆ ಕೈ ಚಾಚುತ್ತ ಬಂದಿದ್ದೆ. ಈಗ ಸಮುದ್ರ ದಾಟಿ ಹೋಗಿ ಬೇರೆಯವರಿಗೆ ಅದರ ಅರ್ಥ ಹೇಳುವವಳಿದ್ದೆ.

ಮಸರಕಲ್ ಮುಟ್ಟಿದಾಗ ನಾಲ್ಕು ಗಂಟೆ. ಅವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. “ಬಾ ಬೇ. ಪರದೇಶ ಅಂದರ ನಮ್ಮೂರೇ ಏನು?” ಎಂದು ನಕ್ಕಳು. ನೀರು ಕುಡಿದು ನಕಲನ್ನು ತೆಗೆದೆ. ಅವ್ವನಿಗೆ ಓದು ಬಾರದು. ಓದಿ ಹೇಳಿದೆ, ಅಂಚಿನ ಸಾಲನ್ನೂ ಹೇಳಿದೆ.

ಅವಳ ಕೈಯ ಮೊರ ನಿಂತಿತು.

“ನಿನಗ ನೀರು ಹಾಕಿಸಿಲ್ಲ ನಾ,” ಎಂದಳು. “ಅದು ನಿಮ್ಮಕ್ಕ. ಬನದ ಹುಣ್ಣಿವಿ ಮುಂದಿನ ಥಂಡಿ. ಗುಡ್ಯಾಗಿನ ನೀರು ಮಂಜಿನಂಗಿತ್ತು. ವರಸಾಕ ಒಂದು ಬಟ್ಟಿ ಒಯ್ಯಬೇಕಂತ ತಿಳೀಲಿಲ್ಲ ನನಗ. ಅಯ್ಯೋರ ಪ್ರಾರ್ಥನಿ ಮುಗಿಯೋತನ ಕೂಸಿನ ನೆತ್ತಿ ಹಸೀನೇ ಇತ್ತು. ಎಂಟು ದಿನಕ್ಕ ಹೋತು.”

“ಅದು ಎದಿ ಜ್ವರ ಅವ್ವ. ನೀರಿನಿಂದ ಬಂದದ್ದಲ್ಲ.”

“ನೀ ಓದಿದಾಕಿ. ನಾ ಹಡದಾಕಿ.”

ಆಮೇಲೆ ಉಳಿದದ್ದನ್ನು ತಾನಾಗಿಯೇ ಹೇಳಿದಳು. ಅಕ್ಕ ತೀರಿದ ಮೇಲೆ ಅಪ್ಪ ಮಾನ್ವಿಯ ಕೆಲಸ ಬಿಟ್ಟು ಅವ್ವನ ತವರಾದ ಮಸರಕಲ್‌ಗೆ ಬಂದ. ಮರು ವರ್ಷ ಮುಂಗಾರಿಗೆ ನಾನು ಹುಟ್ಟಿದೆ. ಮಕ್ಕಳು ಉಳಿಯದ ಮನೆಯಲ್ಲಿ ನಮ್ಮ ಕಡೆ ಒಂದು ಪದ್ಧತಿಯಿದೆ. ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸುತ್ತಾರೆ. ಬೇರೊಬ್ಬಳು ಬಂದು, ಇದು ನನಗೆ ಸಿಕ್ಕಿದ್ದು ಎಂದು ಎತ್ತಿಕೊಳ್ಳುತ್ತಾಳೆ. ಹೆತ್ತವಳು ಅವಳಿಗೆ ಒಂದು ಮೊರ ಕಾಳು ಕೊಟ್ಟು ಕೂಸನ್ನು ಕೊಂಡು ತರುತ್ತಾಳೆ. ನನ್ನನ್ನು ಎತ್ತಿಕೊಂಡವಳು ಮೂರು ಮನೆ ಆಚೆಯ ಕುರುಬರ ಬೀರವ್ವ. ನಾನು ಬೆಳೆಯುವಾಗ ಅವಳು ನನ್ನನ್ನು ತಿಪ್ಪವ್ವ ಎಂದೇ ಕರೆಯುತ್ತಿದ್ದಳು. ಉಗಾದಿಗೆ ಕುಪ್ಪಸದ ಬಟ್ಟೆ ಕೊಡುತ್ತಿದ್ದಳು. ಅದನ್ನು ನಾನು ಅಕ್ಕರೆ ಎಂದುಕೊಂಡಿದ್ದೆ.

“ಕೊಂಡು ತರಬೇಕಿತ್ತು ನಾ. ತರಲಿಲ್ಲ,” ಎಂದಳು ಅವ್ವ. “ಕೊಂಡರ ನನ್ನ ಮಗಳಾಗ್ತಿದ್ದಿ. ನನ್ನ ಮಕ್ಕಳು ಉಳಿಯಂಗಿಲ್ಲ. ಮಂದೀ ಮಗಳಂತ ಸಾಕಿದೆ. ತಿಂಗಳಿಗೊಮ್ಮಿ ದೇವದುರ್ಗದಿಂದ ಸೈಕಲ್ ಮ್ಯಾಲ ಬರೋ ಅಯ್ಯೋರು, ಮಾರ್ತಾಗ ದೀಕ್ಷಾ ಆಗ್ಯದೇನಮ್ಮ ಅಂತ ಕೇಳೋರು. ಮಾರ್ತಾಗ ಮಾನ್ವ್ಯಾಗ ಆಗ್ಯದರಿ ಅಂತಿದ್ದೆ. ನಾ ಏನ್ ಸುಳ್ಳ ಹೇಳೀನಿ?”

“ಅದಕ್ಕೇ ಅಕ್ಕನ ಹೆಸರು ಇಟ್ಟಿಯೇನು?”

“ಅದಕ್ಕೂ ಹೌದು.” ಮೊರದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಎಸೆದಳು. “ಆ ಹೆಸರು ಕರೀದ ಇರಾಕ ಆಗಲಿಲ್ಲಬೇ.”

ನನ್ನ ಮುಂದಿದ್ದ ಎರಡು ದಾರಿಯನ್ನು ಅವಳಿಗೆ ಹೇಳಿದೆ. ಈ ಕಾಗದ ಕೊಟ್ಟರೆ ಯಾರೂ ಕೇಳುವುದಿಲ್ಲ. ಕೊಡದಿದ್ದರೆ ನಿಜ ಹೇಳಿ ದೀಕ್ಷಾಸ್ನಾನ ಮಾಡಿಸಿಕೊಳ್ಳಬೇಕು. ಆಗಲೂ ಸಮಿತಿಯವರು ಕಳಿಸುತ್ತಾರೆಂದು ಹೇಳಲಾಗದು.

“ಅದನ್ನೇ ಕೊಡು. ಆಕೀ ಹೆಸರಾರ ಒಂದ್ಸಲ ಪರದೇಶ ನೋಡಲಿ.”

“ಅಲ್ಲಿ ನಿಂತು ಇದು ನಂದು ಅನ್ನಬೇಕಾಗ್ತದ ಅವ್ವ. ಅದು ಆಕೀದು.”

ಅವ್ವ ಮೊರ ಎತ್ತಿಕೊಂಡು ಮತ್ತೆ ಜೋಳ ಹಸನು ಮಾಡತೊಡಗಿದಳು.

ಶುಕ್ರವಾರ ನಾನು ಎದ್ದಾಗ ಅವ್ವ ಮಿಂದು ತಲೆ ಬಾಚಿಕೊಂಡಿದ್ದಳು. ಹಸನು ಮಾಡಿದ ಜೋಳವನ್ನು ಮೊರದ ತುಂಬ ಏರಿಸಿ, ಅಂಗೈಯಿಂದ ಸಮ ಮಾಡುತ್ತಿದ್ದಳು. “ನಡಿ,” ಎಂದಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಇದು ನಮ್ಮ ಸಭೆಯ ನಡವಳಿಕೆಯಲ್ಲ ಎಂಬುದು ನನಗೆ ಗೊತ್ತು. ನಡೆದದ್ದನ್ನು ಬರೆಯುತ್ತಿದ್ದೇನೆ.

ಬೀರವ್ವ ಹಟ್ಟಿಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದಳು. ಕಣ್ಣು ಮಂಜಾಗಿದೆ, ಬಾಯಿ ಮಂಜಾಗಿಲ್ಲ. ಮೊರವನ್ನು ಕಂಡದ್ದೇ ಕದಿರು ನಿಲ್ಲಿಸಿದಳು.

“ಈಗ ನೆಪ್ಪಾತೇನಬೇ ಶಾಂತವ್ವ? ಕೊಡಂಗಿಲ್ಲ ಹೋಗು. ನರ್ಸಾಗ್ಯಾಳ, ಪಗಾರ ತರ್ತಾಳ. ಒಂದು ಮೊರ ಜ್ವಾಳಕ್ಕ ಬಿಟ್ಟು ಕೊಡಾಕ ನನಗೇನು ಮರುಳು ಹಿಡದದೇನು?”

“ತಿಪ್ಪಿ ಮ್ಯಾಲಿನ ಕೂಸಿನ ಬೆಲಿ ಅಷ್ಟೇಬೇ.”

“ಅವಾಗ ತಿಪ್ಪಿ ಮ್ಯಾಲಿದ್ಲು. ಈಗ ವಿಮಾನದಾಗ ಕೂಡ್ತಾಳಂತ. ಎರಡು ಕುರಿ ಬಿಚ್ಚು, ನೋಡೂನು.”

ಅವ್ವ ನಗಲಿಲ್ಲ. ಮೊರವನ್ನು ಅವಳ ಮುಂದಕ್ಕೆ ಚಾಚಿದಳು. “ಆಕೀಗಿ ನೀರು ಹಾಕಸ್ತೀನಿ ಬೀರಿ,” ಎಂದಳು. “ಮಂದೀ ಮಗಳಿಗಿ ಹೆಂಗ ಹಾಕಸಲಿ? ನನ್ನಾಕಿನ ಮಾಡಿ ಕೊಡು.”

ಬೀರವ್ವ ಗೋಡೆ ಹಿಡಿದು ಎದ್ದಳು. ಸೆರಗು ಒಡ್ಡಿ ಜೋಳವನ್ನು ಸುರಿಸಿಕೊಂಡಳು. ಆಮೇಲೆ ನನ್ನ ಮುಂಗೈ ಹಿಡಿದು, ತಡಕಿ ಅವ್ವನ ಕೈಯನ್ನು ಹುಡುಕಿ, ಅದರಲ್ಲಿಟ್ಟಳು. “ತಗೋ. ನಿನ್ನ ಮಗಳು. ಮೂವತ್ತು ವರ್ಷದ ಮ್ಯಾಲಾತು, ಏನೂ ಆಗಿಲ್ಲ. ಇನ್ನೇನಾಗ್ತದ?” ಎಂದಳು. ನನ್ನ ಕಡೆ ತಿರುಗಿ, “ಉಗಾದಿ ಕುಪ್ಪಸ ಇನ್ನ ಬಂದ್ ಆತಬೇ ತಿಪ್ಪವ್ವ,” ಎಂದಳು.

ಹನ್ನೊಂದರ ಬಸ್ಸಿಗೆ ಅವ್ವನೂ ನನ್ನ ಜೊತೆ ಹೊರಟಳು. ಗಬ್ಬೂರಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ರೇಡಿಯೇಟರಿಗೆ ನೀರು ಹಾಕಿದರು. ಅವ್ವ ಅದನ್ನು ಕಿಟಕಿಯಿಂದ ನೋಡುತ್ತ ಕೂತಿದ್ದಳು.

ಶನಿವಾರ ಹತ್ತು ಗಂಟೆಗೆ ಕಾರ್ಯದರ್ಶಿಗಳ ಮನೆಗೆ ಹೋದೆ. ಅವರು ವಯಸ್ಸಾದವರು. ಆ ಒಂದು ಸಾಲು ಖಾಲಿ ಬಿಟ್ಟಿದ್ದ ಅರ್ಜಿಯನ್ನೂ ಮಾನ್ವಿಯ ನಕಲನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಕನ್ನಡಕ ತೆಗೆದು ಒರೆಸಿದರು.

“ನಕಲಷ್ಟೇ ತಂದಿದ್ದರ ನನಗ ತಿಳೀತಿದ್ದಿಲ್ಲಮ್ಮ.”

“ಹೌದ್ರಿ.”

“ನಾಳಿ ನಮ್ಮ ಪಾಸ್ಟರು ದೀಕ್ಷಾ ಕೊಡ್ತಾರ, ನಾನೇ ಹೇಳ್ತೀನಿ. ಅರ್ಜಿ ಸೋಮವಾರದ ಟಪಾಲಿಗಿ ಹಾಕೂನು. ಸಮಿತಿಯವರಿಗಿ ಎಲ್ಲಾ ಬರೀಬೇಕಾಗ್ತದ. ಅವರು ಏನಂತಾರೋ ನಾ ಹೇಳಲಾರೆ.”

ಭಾನುವಾರ ಬೆಳಿಗ್ಗೆ ನಾನು ಕಲಿಸಿದ ನರ್ಸಿಂಗ್ ಹುಡುಗಿಯರು ಮುಂದಿನ ಸಾಲಿನಲ್ಲಿಯೇ ಕೂತಿದ್ದರು. ಪಾಸ್ಟರು ಕಾರಣವನ್ನು ಎರಡು ಮಾತಿನಲ್ಲಿ ಹೇಳಿದರು. ಯಾರೋ ಹಿಂದೆ ಪಿಸುಗುಟ್ಟಿದರು. ನಾನು ಮೊಣಕಾಲೂರಿದೆ. ನೀರು ಉಗುರುಬೆಚ್ಚಗಿತ್ತು. ಆ ಬಿಸಿಲಿನಲ್ಲಿ ತಣ್ಣಗಿರುವುದೂ ಸಾಧ್ಯವಿರಲಿಲ್ಲ. ಮೂರನೆಯ ಬೊಗಸೆ ಬಿದ್ದು, ಪ್ರಾರ್ಥನೆಯ ಮೊದಲ ಮಾತು ಶುರುವಾಗುತ್ತಿದ್ದಂತೆ ಅವ್ವ ಹೆಂಗಸರ ಸಾಲಿನಿಂದ ಎದ್ದು ಬಂದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ಹಳೆಯ ಮೆತ್ತನೆಯ ಬಟ್ಟೆಯಿಂದ ನನ್ನ ನೆತ್ತಿ, ಕಿವಿಯ ಹಿಂಭಾಗ, ಕುತ್ತಿಗೆ ಒರೆಸಿದಳು. ಪಾಸ್ಟರು ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ. ಅವಳೂ ಒರೆಸುವುದನ್ನು ನಿಲ್ಲಿಸಲಿಲ್ಲ.

ಅರ್ಜಿಯ ಖಾಲಿ ಸಾಲಿನಲ್ಲಿ ಆ ಭಾನುವಾರದ ತಾರೀಖನ್ನು ನನ್ನ ಕೈಯಿಂದಲೇ ಬರೆದೆ. ಸ್ಥಳ, ರಾಯಚೂರು.

ಸೋಮವಾರ ಊರಿಗೆ ಹೋಗುತ್ತೇನೆ ಎಂದಿದ್ದ ಅವ್ವ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ನಾನು ಕೆಲಸಕ್ಕೆ ಹೋಗಿ ಬರುವವರೆಗೆ ಬಾಗಿಲಲ್ಲಿ ಕೂತಿರುತ್ತಿದ್ದಳು. ಶನಿವಾರ ಸಮಿತಿಯವರ ತಂತಿ ಬಂತು. ಹೊರಡಬಹುದು ಎಂದಿತ್ತು. ಓದಿ ಹೇಳಿದೆ. “ಹೂಂ,” ಎಂದಳಷ್ಟೇ.

ದೀಕ್ಷಾಸ್ನಾನದ ಎಂಟು ದಿನ ಕಳೆದು, ಒಂಬತ್ತನೆಯ ದಿನ ಬೆಳಿಗ್ಗೆ ನನಗಿಂತ ಮೊದಲು ಎದ್ದಿದ್ದಳು. ನಾನು ಕಣ್ಣು ಬಿಟ್ಟಾಗ ಅವಳ ಕೈ ನನ್ನ ಹಣೆಯ ಮೇಲಿತ್ತು, ಅಂಗೈ ಮೇಲಾಗಿ, ವಾರ್ಡಿನಲ್ಲಿ ತಾಯಂದಿರು ಕೂಸಿನ ಜ್ವರ ನೋಡುವ ಹಾಗೆ. ಕೈ ತೆಗೆದು ತನ್ನ ಚೀಲ ಕಟ್ಟಿಕೊಂಡಳು. ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಬಸ್ಸು ಹೊರಟಾಗ ಹೊರಗೆ ತಲೆ ಹಾಕಿ, “ಇನ್ನ ಹೋಗಿ ಬಾ,” ಎಂದಳು. ನಿಲ್ದಾಣದ ತಿರುವಿನವರೆಗೂ ಅವಳು ನನ್ನ ಕಡೆಯೇ ನೋಡುತ್ತಿದ್ದಳು. ಆ ಮೆತ್ತನೆಯ ಬಟ್ಟೆಯನ್ನು ಮಡಚಿ ನನ್ನ ಬಿಳಿ ಸೀರೆಗಳ ಮೇಲೆ ಇಟ್ಟು ಹೋಗಿದ್ದಳು.