ಮೇಷ್ಟ್ರಿಗೆ ಕೇಳದ ಏಳು ಪ್ರಶ್ನೆ

ಚಿತ್ರದುರ್ಗದ ಜಿಮ್ಮೊಂದರಲ್ಲಿ ನಾನು ಆರು ವರ್ಷ ಟ್ರೈನರ್ ಆಗಿದ್ದೆ, ಸರ್ಟಿಫಿಕೇಟ್ ಇಲ್ಲದೆ. ತೋಳು ದಪ್ಪಗಿದ್ದರೆ ಸಾಕಿತ್ತು, ಯಾರೂ ಕಾಗದ ಕೇಳುತ್ತಿರಲಿಲ್ಲ. ಆಮೇಲೆ ಮಾಲೀಕರು ಸರ್ಟಿಫಿಕೇಟ್ ಇದ್ದವರಿಗಷ್ಟೇ ಕೆಲಸ ಎಂದುಬಿಟ್ಟರು. ಪಿಯುಸಿಯಲ್ಲಿ ಡುಮ್ಕಿ ಹೊಡೆದ ನಾನು ಮೂವತ್ತೆರಡನೇ ವಯಸ್ಸಿನಲ್ಲಿ ಟ್ರೈನರ್ ಕೋರ್ಸಿಗೆ ಸೇರಿ ಸ್ನಾಯುಗಳ ಹೆಸರು ಬಾಯಿಪಾಠ ಮಾಡಲು ಕೂತೆ.

ಪರೀಕ್ಷೆಗೆ ಮೊದಲು ಒಬ್ಬರಿಗೆ ಎಂಟು ವಾರ ತರಬೇತಿ ಕೊಟ್ಟು ಅವರ ಫೈಲ್ ಮಾಡಿ ಕಳಿಸಬೇಕಿತ್ತು. ವಯಸ್ಸಾದವರಾದರೆ ಒಳ್ಳೆಯದು ಎಂದು ಕೋರ್ಸಿನವರು ಅಂದಿದ್ದರು. ನನಗೆ ಹೊಳೆದದ್ದು ನಮ್ಮ ಪಿ.ಟಿ. ಮೇಷ್ಟ್ರು. ಹೊಸದುರ್ಗದ ಹೈಸ್ಕೂಲಿನಲ್ಲಿ ನನ್ನನ್ನು ಬರಿಗಾಲಲ್ಲಿ ಓಡಿಸಿ ಕಪ್ ಗೆಲ್ಲಿಸಿದವರು, ಬೆತ್ತದಲ್ಲಿ ಬಾರಿಸಿದವರೂ ಅವರೇ. ನಿವೃತ್ತರಾದ ಮೇಲೆ ಚಿತ್ರದುರ್ಗದಲ್ಲೇ ಮನೆ ಮಾಡಿದ್ದರು. ಕೇಳಿದ ತಕ್ಷಣ ಒಪ್ಪಿಕೊಂಡರು.

“ಈಗ ನೀನು ಸೀಟಿ ಊದು, ನಾನು ಓಡ್ತೀನಿ ಕಣಲೇ. ಹಳೇ ಸೇಡು ತೀರಿಸ್ಕ.”

ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಸುಣ್ಣ ಬಳಿದಷ್ಟು ಬೆಳ್ಳಗಿನ ಕ್ಯಾನ್ವಾಸ್ ಶೂ ಹಾಕಿ ಬಂದರು. ಬಂದವರೇ ಗೋಡೆಯ ಆಂಜನೇಯನ ಪಟಕ್ಕೆ ಊದಿನಕಡ್ಡಿ ಹಚ್ಚಿ ಕಾಯಿ ಒಡೆದರು. ಗರಡಿಯಲ್ಲಿ ಬೆಳೆದ ಜೀವ, ಅಭ್ಯಾಸ ಬಿಟ್ಟಿರಲಿಲ್ಲ.

ನನ್ನ ಕೈಯಲ್ಲಿ ತರಬೇತಿಗೆ ಮೊದಲು ತುಂಬಬೇಕಾದ ಆರೋಗ್ಯದ ಫಾರಂ ಇತ್ತು. ಏಳು ಪ್ರಶ್ನೆ. ಮೆಟ್ಟಿಲು ಹತ್ತಿದರೆ ಎದೆ ನೋಯುತ್ತದೆಯೇ? ತಲೆ ತಿರುಗಿ ಬಿದ್ದದ್ದುಂಟೇ? ಹೀಗೆ. ಎದುರು ಕೂರಿಸಿಕೊಂಡು ಒಂದೊಂದನ್ನೂ ಕೇಳಿ, ಅವರು ಹೇಳಿದ್ದನ್ನು ಬರೆಯಬೇಕು. ನನಗೆ ನಾಲಿಗೆ ಏಳಲಿಲ್ಲ. ಕಾಯಿಯ ನೀರು ಇನ್ನೂ ನೆಲದ ಮೇಲೇ ಇದೆ, ಆಗಲೇ ಗುರುವಿನ ಬಾಯಲ್ಲಿ ರೋಗದ ಹೆಸರು ಹೇಳಿಸುವುದೇ? ನಮ್ಮ ಕಡೆ ಒಳ್ಳೆಯ ಕೆಲಸ ಶುರುಮಾಡುವಾಗ ಯಾರಾದರೂ ಅಂಥ ಮಾತೆತ್ತಿದರೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುತ್ತಾರೆ. ನಾನು ಪಕ್ಕಕ್ಕೆ ತಿರುಗಿ ಏಳಕ್ಕೂ ‘ಇಲ್ಲ’ ಎಂದು ಬರೆದೆ. ತಪ್ಪು ಮಾಡುತ್ತಿದ್ದೇನೆ ಅನ್ನಿಸಲಿಲ್ಲ. ಗೌರವ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ, ಮುಠ್ಠಾಳ.

ಮೇಷ್ಟ್ರು ಜೇಬಿನಿಂದ ಕನ್ನಡಕ ತೆಗೆದರು.

“ಏನೈತಲೇ ಇದರಾಗೆ? ನನ್ನ ಕೇಳಾದೇನೂ ಇಲ್ಲೇನು?”

“ಏನಿಲ್ಲ ಸಾರ್, ಸುಮ್ನೆ ಫಾರಂ. ಇಲ್ಲೊಂದು ಸೈನ್ ಹಾಕ್ರಿ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಕನ್ನಡಕ ಮಡಚಿಟ್ಟು, ಓದದೆ ಸೈನ್ ಹಾಕಿದರು.

ಮೂರನೇ ವಾರ ಒಂದು ಬೆಳಿಗ್ಗೆ ಟ್ರೆಡ್‌ಮಿಲ್ಲಿನ ವೇಗ ಸ್ವಲ್ಪ ಹೆಚ್ಚಿಸಿದೆ. ಅವರು ಎಡಗೈಯನ್ನು ಎರಡು ಸಲ ಕೊಡವಿಕೊಂಡರು. ಸಾಕಾ ಸಾರ್ ಎಂದು ಕೇಳಿದೆ.

“ಲೇ, ನಾನು ಹೇಳಾ ತನಕ ನಿಲ್ಲಿಸಬ್ಯಾಡ.”

ನಿಲ್ಲಿಸಲಿಲ್ಲ. ಶಾಲೆಯಲ್ಲೂ ಅವರ ಮಾತು ಮೀರಿದವನಲ್ಲ ನಾನು. ಅವರು ಮುಗ್ಗರಿಸಿ ಬಿದ್ದಾಗ ನೆಲದ ಮೇಲೆ ಮಲಗಿಸಿ, ಕೋರ್ಸಿನಲ್ಲಿ ಕಲಿತಂತೆ ಎಣಿಸಿ ಎಣಿಸಿ ಎದೆ ಒತ್ತಿದೆ. ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾರ್ಯವೆಲ್ಲ ಕಳೆದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಯಜಮಾನರ ಕೈಬರಹ ಇರುವ ಕಾಗದಗಳನ್ನೆಲ್ಲ ಎತ್ತಿಡುತ್ತಿದ್ದೇನೆ, ನಿನ್ನ ಹತ್ತಿರ ಏನಾದರೂ ಇದ್ದರೆ ತಂದುಕೊಡು ಎಂದರು. ನನ್ನ ಬಳಿ ಇದ್ದದ್ದು ಆ ಫಾರಂ ಒಂದೇ. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಒಯ್ದೆ. ಯಾರಾದರೂ ನನ್ನನ್ನು ಬೈದರೆ ಸಾಕು ಅನ್ನಿಸಿತ್ತು.

ಮೇಷ್ಟ್ರ ಮನೆಯಲ್ಲಿ ಆ ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿಂದ ಕೆಳಗಿನವರೆಗೆ ಓದಿದರು.

“ಸೈನ್ ಅವರದ್ದು. ಮೇಲಿನ ಅಕ್ಷರ ಅವರದ್ದಲ್ಲ.”

“ನಂದಮ್ಮ.”

ಅವರು ಅಳಲಿಲ್ಲ, ದನಿ ಏರಿಸಲಿಲ್ಲ.

“ಮೆಟ್ಲು ಹತ್ತಿದ್ರೆ ಎದೆ ಹಿಡ್ಕಣಾದು ಕಣಪ್ಪ. ಡಾಕ್ಟ್ರಿಗೆ ತೋರಿಸ್ರಿ ಅಂತ ಬಡ್ಕಂಡೆ. ‘ನನ್ನ ಹುಡುಗ ಇದನ್ನೇ ಓದ್ತಾ ಅವ್ನೆ, ಅವನೇ ಕೇಳ್ತಾನೆ, ಆವಾಗ ಹೇಳ್ತೀನಿ ಬಿಡು’ ಅಂದ್ರು.”

ಮರುವರ್ಷ ಬೇರೊಬ್ಬರ ಫೈಲ್ ಮಾಡಿ ನಾನು ಪಾಸಾದೆ. ಸರ್ಟಿಫಿಕೇಟ್ ಜಿಮ್ಮಿನ ಗೋಡೆಯ ಮೇಲಿದೆ. ಫಾರಂ ಮಾತ್ರ ನನ್ನ ಮನೆಯಲ್ಲಿದೆ. ಅಮ್ಮ ಅವತ್ತು ಅದನ್ನು ಮಿಕ್ಕ ಕಾಗದಗಳ ಜೊತೆ ಇಡಲಿಲ್ಲ. ನಾಲ್ಕಾಗಿ ಮಡಚಿ, ನನ್ನ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿಸಿದರು.